ಊರ್ಣನಾಭಿಯ ನಿರಶನ

ಕನ್ನಡದಲ್ಲಿ ‘ಜೇಡ’ ಎಂಬ ಶಬ್ದವು ಬಲೆಯನ್ನು ನೇಯುವ ಜಂತುವಿಗೂ ಬಟ್ಟೆಯನ್ನು ನೇಯುವ ಮನುಷ್ಯನಿಗೂ ಸಲ್ಲುವುದು. ವಚನಕಾರನಾದ ಜೇಡರ ದಾಸಿಮಯ್ಯನ ಹೆಸರೇ ಇದಕ್ಕೆ ಸಾಕ್ಷಿ. ನಮ್ಮ ಶಬ್ದಸಂಪತ್ತನ್ನು ಸಂಗ್ರಹಿಸಿದ ಕಿಟ್ಟೆಲರ ಮಹಾಕೋಶವು 1894ರಲ್ಲಿ ಅಚ್ಚಾದುದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಅದೇ ಮಿಶನ್ನಿನವರ ನೇಯ್ಗೆಯ ಕಾರ್ಖಾನೆಯೂ ಅದೇ ಊರಿನ ಬಲ್ಮಠದಲ್ಲಿದ್ದಿತು. ನೇಯುವ ಜಂತುವನ್ನೂ ನೇಯುವ ಮನುಷ್ಯನನ್ನೂ ಒಂದೇ ಹೆಸರಿನಿಂದ ಕರೆದ ಪೂರ್ವಿಕರು ಜಂತುವಿನ ನೇಯ್ಗೆಯನ್ನು ಚೆನ್ನಾಗಿ ಕಂಡಿದ್ದರು. ಅದು ಉಣ್ಣದೆ ಅಡಗಿ ಕುಳಿತಿರುವ ಅವಸ್ಥೆಯನ್ನು ಕಂಡವರಾರು ಎಂಬುದು ಇಲ್ಲಿಯ ವಿಚಾರ. ಇದು ಬರಿಯ ಶಾಸ್ತ್ರಕುತೂಹಲವಲ್ಲ. ಟರಾಂಟುಲವೆಂಬ ದೊಡ್ಡ ಜೇಡದ ಮರಿಗಳನ್ನು ಮನೆಯಲ್ಲಿ ಸಾಕುವವರಿರುವ ಈ ಕಾಲದಲ್ಲಿ, ಆ ಅವಸ್ಥೆಯನ್ನರಿಯದವರ ದಯೆಯೇ ಮರಿಗೆ ಮೃತ್ಯುವಾಗುವುದುಂಟು.

ಮುಂಡಕೋಪನಿಷತ್ತು ಅಕ್ಷರದಿಂದ ವಿಶ್ವವು ಹುಟ್ಟುವುದಕ್ಕೆ ಊರ್ಣನಾಭಿಯನ್ನು ದೃಷ್ಟಾಂತವಾಗಿ ಕೊಟ್ಟು, ಅದು ನೂಲನ್ನು ಹೊರಬಿಡುವುದಲ್ಲದೆ ಮರಳಿ ಒಳಗೊಳ್ಳುವುದೆಂದೂ ಹೇಳುತ್ತದೆ. ಇದು ಕೇವಲ ಕವಿಕಲ್ಪನೆಯಲ್ಲ. ಚಕ್ರಾಕಾರದ ಬಲೆಯನ್ನು ಕಟ್ಟುವ ಅನೇಕ ಜೇಡಗಳು ಹಳೆಯ ಬಲೆಯನ್ನು ತಿಂದು ಅದರ ದ್ರವ್ಯದಿಂದಲೇ ಹೊಸತನ್ನು ನೇಯುವುವು. ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದಲ್ಲಿ ಆಕ್ಷೇಪಕನೊಬ್ಬನು, ಕ್ಷುದ್ರಜಂತುಗಳನ್ನು ತಿಂದುದರಿಂದಲೇ ಜೇಡದ ಲಾಲಾರಸವು ಗಟ್ಟಿಯಾಗಿ ತಂತುವಾಗುವುದೆಂದು ವಾದಿಸುವನು. ತಂತುವು ಬಾಯಿಂದ ಬರುವುದಲ್ಲ, ಉದರದಲ್ಲಿರುವ ಗ್ರಂಥಿಗಳಿಂದ ಬರುವುದು. ಆದರೂ ಆಹಾರವೇ ಅದಕ್ಕೆ ಮೂಲವೆಂಬ ಅಂಶವು ಸತ್ಯವೇ. ಸುಶ್ರುತಸಂಹಿತೆಯ ಕಲ್ಪಸ್ಥಾನವಾದರೋ ವಸಿಷ್ಠರ ಬೆವರಹನಿಗಳು ಕೊಯ್ದ ಹುಲ್ಲಿನ ಮೇಲೆ ಬೀಳಲು ‘ಲೂತೆ’ಗಳು ಹುಟ್ಟಿದುವೆಂದು ಹೇಳಿ, ಹದಿನಾರು ಬಗೆಗಳನ್ನೆಣಿಸಿ, ಎಂಟರ ವಿಷವನ್ನು ಕಷ್ಟಸಾಧ್ಯವೆಂದೂ ಎಂಟರ ವಿಷವನ್ನು ಅಸಾಧ್ಯವೆಂದೂ ವಿಭಾಗಿಸಿದೆ. ಹೀಗೆ ಈ ಮೂರೆಡೆಗಳಲ್ಲಿ ಜೇಡದ ನೂಲು, ಆಹಾರ, ವಿಷಗಳು ಚರ್ಚಿತವಾಗಿವೆ. ಅದರ ನಿರಶನವು ಚರ್ಚಿತವಾಗಿಲ್ಲ.

ಅದನ್ನು ತಾಳ್ಮೆಯಿಂದ ನೋಡಿ ಬರೆದವರಲ್ಲಿ ಫ್ರಾನ್ಸಿನ ಫಾಬ್ರನು ಗಣ್ಯನು. ಅವನ ಕೀಟಸ್ಮೃತಿಗಳು 1879ರಿಂದ 1907ರ ವರೆಗೆ ಹತ್ತು ಸಂಪುಟಗಳಾಗಿ ಹೊರಬಂದುವು. ಇಟಲಿಯ ತಾರಾಂತೊ ಪಟ್ಟಣದಿಂದ ಟರಾಂಟುಲವೆಂಬ ಹೆಸರನ್ನು ಮೊದಲು ಪಡೆದುದು ತೋಳಜೇಡಗಳ ಜಾತಿ. ಇಂದು ಆ ಹೆಸರಿನಿಂದ ಕರೆಯಲ್ಪಡುವ ರೋಮಶವಾದ ಮಹಾಜೇಡಗಳಿಗೆ ಅದು ಬಳಿಕ ಸಂದಿತು. ಫಾಬ್ರನು ಸಾಕಿದುದು ತೋಳಜೇಡವನ್ನು. ಅದರ ಮರಿಗಳು ತಾಯಿಯ ಬೆನ್ನನ್ನೇರಿ ಸುಮಾರು ಏಳು ತಿಂಗಳು ಏನನ್ನೂ ತಿನ್ನದೆ ಇದ್ದುದನ್ನು ಕಂಡು ಅವನು ಬೆರಗಾದನು. ಸೂರ್ಯನ ತಾಪವೇ ಅವಕ್ಕೆ ಶಕ್ತಿಯಾಗಿರಬಹುದೆಂದು ಊಹಿಸಿದನು. ಮೊಟ್ಟೆಯಿಂದ ಬಂದ ಪೋಷಕದ್ರವ್ಯವು ಮರಿಯ ಉದರದಲ್ಲಿ ಉಳಿದಿರುವುದೇ ನಿಜವಾದ ಕಾರಣವೆಂದು ಈಗ ತಿಳಿದಿದೆ. ಊಹೆಯು ತಪ್ಪಿದರೂ ನೋಟವು ನಿಂತಿತು.

ಬೆಳೆಯುವ ಟರಾಂಟುಲದ ಮರಿಯು ಉಣ್ಣದಿರುವುದಕ್ಕೆ ಮುಖ್ಯವಾದ ಕಾರಣವು ಪೊರೆ ಕಳಚುವಿಕೆ. ಅದರ ಹೊರಕವಚವು ಹಿಗ್ಗದುದರಿಂದ ಹಳೆಯದನ್ನು ಕಳಚಿಯೇ ಬೆಳೆಯಬೇಕು. ಅದಕ್ಕೆ ಮುಂಚೆ ಮರಿಯು ಆಹಾರವನ್ನು ಬಿಟ್ಟು, ಬಿಲದ ಬಾಯನ್ನು ನೂಲಿನಿಂದಲೋ ಮಣ್ಣಿನಿಂದಲೋ ಮುಚ್ಚಿಕೊಂಡು, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಅಡಗಿರುವುದು. ಉದರವು ಉಬ್ಬಿ ಕಪ್ಪೇರುವುದು. ಕಳಚುವಾಗ ಅದು ಅಂಗಾತ ಬಿದ್ದಿರುವುದನ್ನು ಕಂಡು ಸತ್ತಿತೆಂದು ಭ್ರಮಿಸುವವರುಂಟು. ಕಳಚಿದ ಹೊಸತರಲ್ಲಿ ಕೋರೆಗಳು ಮೆತ್ತಗೆ ಬೆಳ್ಳಗಿರುವುವು. ಆಗ ಜೀವಂತವಾದ ಮಿಡತೆಯನ್ನು ಬಿಟ್ಟರೆ ಆಹಾರವೇ ಭಕ್ಷಕನನ್ನು ಕಚ್ಚೀತು. ಆದುದರಿಂದ ಬಿಲವನ್ನು ಅಗೆಯದಿರುವುದು, ತಿನ್ನದ ಹುಳುವನ್ನು ತೆಗೆಯುವುದು, ಕೋರೆಗಳು ಕಪ್ಪಾಗುವ ವರೆಗೆ ಕಾಯುವುದು, ಇವೇ ಆರೈಕೆ. ಉದರವು ಸುಕ್ಕಿದರೆ, ಅಥವಾ ಕಾಲುಗಳು ಮೈಕೆಳಗೆ ಮಡಚಿಕೊಂಡರೆ ಮಾತ್ರ ಅಪಾಯವು; ಜೇಡವು ಕಾಲನ್ನು ನೀಡುವುದು ದೇಹದ್ರವದ ಒತ್ತಡದಿಂದಾದುದರಿಂದ ಆಗ ಬೇಕಾದುದು ಆಹಾರವಲ್ಲ, ನೀರು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಮಂಗಳೂರಿನಲ್ಲಿಯಾದರೋ ಆಟಿಯ ತಿಂಗಳಲ್ಲಿ ಇದಕ್ಕೆ ವಿಪರೀತವಾದ ಭಯವಿದೆ: ಗಾಳಿಯಾಡದ ಪೆಟ್ಟಿಗೆಯಲ್ಲಿ ಬೂಸಲು ಕಟ್ಟುವುದು.

ಈ ಜಂತುಗಳು ಪರದೇಶದವೇ ಎಂದು ಭಾವಿಸಲಾಗದು. ಪೋಕಾಕ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು 1895ರಲ್ಲಿ ವರ್ಣಿಸಿದ ಪೀಸಿಲೊಥೀರಿಯ ಸ್ಟ್ರಯಾಟವು ಲೋಕದಲ್ಲಿ ಮೈಸೂರಿನ ಹೆಸರಿನಿಂದ ಪ್ರಸಿದ್ಧವಾಗಿ, ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲಿ ವಾಸಿಸುತ್ತದೆ. ಅವನೇ 1899ರಲ್ಲಿ ಹೆಸರಿಸಿದ ತ್ರಿಗ್ಮೊಪೀಯಸ್ ಕುಲವು ಅದೇ ಘಟ್ಟದ ಮಣ್ಣಿನ ದರೆಗಳಲ್ಲಿ ಬಿಲ ತೋಡುತ್ತದೆ. ಸಾಕುವವರ ಆಸೆಯಿಂದ ಬೆಳೆದ ವ್ಯಾಪಾರವನ್ನು ಕಂಡು ಪೀಸಿಲೊಥೀರಿಯ ಕುಲವನ್ನೆಲ್ಲ 2019ರಲ್ಲಿ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. 2022ರ ತಿದ್ದುಪಡಿಯು ಆ ಒಪ್ಪಂದವನ್ನು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಳಕ್ಕೆ ತಂದಿತು.

ಮುಂಡಕದ ದೃಷ್ಟಾಂತವು ಇಂದಿಗೂ ನಿಂತಿರುವುದು ಅದು ನೋಡಿ ಹೇಳಿದ ಮಾತಾದುದರಿಂದ. ಉಪನಿಷತ್ತನ್ನು ಪಾಠ ಹೇಳುವವನು ಗೋಡೆಯ ಮೂಲೆಯ ಜೇಡವನ್ನೂ ಒಮ್ಮೆ ನೋಡಿದರೆ ದೃಷ್ಟಾಂತವು ವಿಶದವಾಗುವುದು. ಮರಿಯನ್ನು ಸಾಕುವವನಿಗೂ ವಿಧಿಯು ಅದೇ: ಮುಚ್ಚಿದ ಬಿಲದ ಮುಂದೆ ಕೈಯನ್ನು ಹಿಂದೆಗೆದು ಕಣ್ಣನ್ನು ತೆರೆದಿರುವುದು.