ಹಾಲು

ನಾಮಪದ. ಹಸು, ಎಮ್ಮೆ, ಆಡು ಮೊದಲಾದ ಸ್ತನಿಗಳು ಮರಿಗಳನ್ನು ಪೋಷಿಸಲು ಸ್ರವಿಸುವ ಬಿಳಿಯ ದ್ರವ, ಕ್ಷೀರ. ಗಿಡಮರಗಳ ಬಿಳಿ ಸೊನೆ, ತೆಂಗಿನ ತುರಿ ಹಿಂಡಿದ ಕಾಯಿಹಾಲು, ಎಳೆ ತೆನೆಯ ರಸಕ್ಕೂ ಇದೇ ಹೆಸರು.

ನಿಷ್ಪತ್ತಿ: ಹಳಗನ್ನಡದ ರೂಪ ‘ಪಾಲ್’. ಪದದ ಮೊದಲ ಪಕಾರ ಹಕಾರವಾಗುವುದು ಕನ್ನಡದ ವಿಶಿಷ್ಟ ಬೆಳವಣಿಗೆ: ಪುಲಿ–ಹುಲಿ, ಪೂ–ಹೂ.

ಜ್ಞಾತಿಪದಗಳು: ತಮಿಳು, ಮಲಯಾಳಂ ‘ಪಾಲ್’, ತೆಲುಗು ‘ಪಾಲು’, ತುಳು ‘ಪೇರ್’.

ಹೋಲಿಕೆ: ಯುರೋಪಿನಲ್ಲಿ ಮೂಲಗಳು ಹಲವು. ಇಂಗ್ಲಿಷಿನ ‘ಮಿಲ್ಕ್’, ಜರ್ಮನ್ನಿನ ‘ಮಿಲ್ಖ್’ ಒಂದೇ ಧಾತುವಿನವು. ಇಟಲಿಯ ‘ಲಾತ್ತೆ’, ಸ್ಪೇನಿನ ‘ಲೆಚೆ’, ಫ್ರೆಂಚಿನ ‘ಲೆ’ ಲ್ಯಾಟಿನ್ ಮೂಲದವು.

ಸಮಾಸಗಳು: ಹಾಲುಹಲ್ಲು, ಹಾಲ್ಗೆನೆ, ಹಾಲುಮತ.

ಸ್ಥಳನಾಮ: ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಯಾತ್ರಾಸ್ಥಳ ಹಾಲುರಾಮೇಶ್ವರದ ಹೆಸರಿನ ಮೊದಲಲ್ಲೂ ಈ ಪದವಿದೆ.