ಹಳ್ಳಿಯಾದ ರಾಜಧಾನಿಗಳು, ಪಟ್ಟಣವಾದ ಹಳ್ಳಿಗಳು

ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಆಗ ಮುಖ್ಯಮಂತ್ರಿ. ಶಿವಮೊಗ್ಗ ಜಿಲ್ಲೆಯಿಂದ ಚನ್ನಗಿರಿ ಮತ್ತು ಹೊನ್ನಾಳಿ, ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆ, ಹರಿಹರ ಮತ್ತು ಜಗಳೂರು, ಬಳ್ಳಾರಿ ಜಿಲ್ಲೆಯಿಂದ ಹರಪನಹಳ್ಳಿ ತಾಲ್ಲೂಕುಗಳನ್ನು ಒಟ್ಟುಗೂಡಿಸಿ ಈ ಜಿಲ್ಲೆಯನ್ನು ರಚಿಸಲಾಯಿತು. ಆ ಗಡಿಯೂ ಹೆಚ್ಚು ಕಾಲ ನಿಲ್ಲಲಿಲ್ಲ. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. 2017ರ ರಾಜ್ಯ ಬಜೆಟ್‌ನಲ್ಲಿ ಪ್ರಕಟವಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದಾಗಿದ್ದು, ಅದು ಹೊನ್ನಾಳಿಯಿಂದ ಬೇರ್ಪಟ್ಟು ತನ್ನದೇ ಕಚೇರಿ ಪಡೆಯಿತು.

ನಕ್ಷೆಯ ಮೇಲಿನ ಗೆರೆ ಬದಲಾದರೆ ಊರು ಬದಲಾಗುತ್ತದೆಯೇ? ಈ ಸೀಮೆಯ ಚರಿತ್ರೆಯನ್ನು ನೋಡಿದರೆ, ಬದಲಾಗುತ್ತದೆ ಎಂದೇ ಹೇಳಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಇಂದು ತಾಲ್ಲೂಕು ಕೇಂದ್ರಗಳು. ಆದರೆ ಒಂದು ಕಾಲಕ್ಕೆ ಇಲ್ಲಿ ಹೆಸರುವಾಸಿಯಾಗಿದ್ದ ಊರುಗಳೇ ಬೇರೆ. ಬೆಳಗುತ್ತಿ, ಬಸವಾಪಟ್ಟಣ, ಸಂತೇಬೆನ್ನೂರು, ಕಣಕುಪ್ಪೆ ಇವೆಲ್ಲ ಆಳುವವರ ನೆಲೆಗಳಾಗಿದ್ದವು. ಇಂದು ಅವು ಹೋಬಳಿಗಳು, ಹಳ್ಳಿಗಳು. ಒಂದು ಊರು ಏಳುವುದಕ್ಕೂ ಇನ್ನೊಂದು ಊರು ಬೀಳುವುದಕ್ಕೂ ಇಲ್ಲಿ ಕಾರಣವಾದದ್ದು ನಾಲ್ಕೇ ಸಂಗತಿಗಳು: ಕೋಟೆ, ದಾರಿ, ಕಚೇರಿ ಮತ್ತು ನೀರು.

ಮಲೆನಾಡಿನ ಅಂಚು, ಬಯಲಿನ ಆರಂಭ

ತುಂಗೆ ಮತ್ತು ಭದ್ರೆ ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗಿ ಉತ್ತರಕ್ಕೆ ಹರಿಯುತ್ತವೆ. ಆ ಹೊಳೆಯ ದಂಡೆಯ ಮೇಲೆ ಹೊನ್ನಾಳಿ ಇದೆ. ಹೊಳೆಯಿಂದ ಪಶ್ಚಿಮಕ್ಕೆ, ಶಿಕಾರಿಪುರದ ಕಡೆ ಗುಡ್ಡಗಳು ಏಳುವ ಭಾಗ ನ್ಯಾಮತಿಯದು. ಹೊಳೆಯಿಂದ ಪೂರ್ವಕ್ಕೆ ಸರಿದರೆ ಕುರುಚಲು ಬೆಟ್ಟಗಳ ನಡುವೆ ಕೆರೆಗಳನ್ನು ಕಟ್ಟಿಕೊಂಡ ಚನ್ನಗಿರಿ ಸೀಮೆ. ಜಗಳೂರು ಇವುಗಳಿಗೆ ಅಂಟಿಕೊಂಡಿಲ್ಲ. ದಾವಣಗೆರೆಯನ್ನು ದಾಟಿ ಈಶಾನ್ಯಕ್ಕೆ ಹೋದ ಮೇಲೆ ಸಿಗುವ ಬಯಲುಸೀಮೆ ಅದು.

ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಅದರ ಗುರುತು ಮನೆಗಳ ಮೇಲೂ ಇದೆ. ನ್ಯಾಮತಿಯ ಕಡೆ ಹಳೆಯ ಮನೆಗಳು ಇಳಿಜಾರಿನ ಹಂಚಿನವು; ಜಗಳೂರಿನ ಕಡೆ ಮಟ್ಟಸವಾದ ಮಣ್ಣಿನ ಮಾಳಿಗೆಯವು. ಊರ ಹೆಸರುಗಳೂ ಇದನ್ನೇ ಹೇಳುತ್ತವೆ. ಒಂದು ಕಡೆ ಸೂರಗೊಂಡನಕೊಪ್ಪದಂಥ ‘ಕೊಪ್ಪ’ದ ಹೆಸರು; ಇನ್ನೊಂದು ಕಡೆ ತಾವರೆಕೆರೆ, ಹೊದಿಗೆರೆ, ಕೆರೆಬಿಳಚಿ, ಪಲ್ಲಾಗಟ್ಟೆ ಎಂದು ಕೆರೆಕಟ್ಟೆಗಳ ಹೆಸರುಗಳು. ನೀರು ತಾನಾಗಿ ಬರದ ಕಡೆ ಅದನ್ನು ನಿಲ್ಲಿಸಿದ ಜಾಗವೇ ಊರಾಯಿತು.

ಕೋಟೆ ಕಟ್ಟಿದ ಊರುಗಳು

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಶಾಸನಗಳಲ್ಲಿ ‘ಬೆಳಗವತ್ತಿ’. 12-13ನೆಯ ಶತಮಾನಗಳಲ್ಲಿ ಸಿಂದ ವಂಶದ ಒಂದು ಶಾಖೆ ಇಲ್ಲಿಂದ ಆಳಿತು. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟದಲ್ಲಿವೆ. ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಓದಲು ಹೊರಟವರು ಇಂದಿಗೂ ಎರಡು ಹಳೆಯ ಜಿಲ್ಲೆಗಳ ಪುಸ್ತಕಗಳನ್ನು ತಿರುವಿ ಹಾಕಬೇಕು.

ವಿಜಯನಗರದ ಕಾಲದಲ್ಲಿ ಮತ್ತು ಅದರ ನಂತರ ಈ ಸೀಮೆಯಲ್ಲಿ ಮೇಲೆ ಬಂದವರು ಬಸವಾಪಟ್ಟಣ ಹಾಗೂ ಸಂತೇಬೆನ್ನೂರಿನ ನಾಯಕರು. ಸಂತೇಬೆನ್ನೂರಿನ ಪುಷ್ಕರಣಿ ಅವರ ಕಾಲದ್ದು. ನಾಲ್ಕೂ ಕಡೆ ಮೆಟ್ಟಿಲು, ನಡುನೀರಿನಲ್ಲಿ ವಸಂತ ಮಂಟಪ, ದಂಡೆಯ ಮೇಲೆ ಚಿಕ್ಕ ಮಂಟಪಗಳು. ಅದರ ಎದುರಿಗೇ ಬಿಜಾಪುರದವರ ಕಾಲದ ಮುಸಾಫಿರಖಾನೆ. 1637ರ ಸುಮಾರಿಗೆ ರಣದುಲ್ಲಾ ಖಾನನ ದಂಡು ಇಕ್ಕೇರಿಯ ಮೇಲೆ ಬಂದಾಗ ಬಸವಾಪಟ್ಟಣದ ನಾಯಕ ಅದರ ಜೊತೆಗಿದ್ದ. ಮುಂದೆ ಅವನ ನೆಲವೂ ಬಿಜಾಪುರದ ಪಾಲಾಯಿತು. ನೆರೆಯವನನ್ನು ಮಣಿಸಲು ಕರೆತಂದ ಸೈನ್ಯ ಕರೆದವನನ್ನೂ ಬಿಡಲಿಲ್ಲ. ನಾಯಕರ ಮನೆತನ ಕೊನೆಗೆ ತರೀಕೆರೆಯಲ್ಲಿ ನೆಲೆಸಿತು. ಎರಡು ಕಟ್ಟಡಗಳು ಮಾತ್ರ ಇಂದಿಗೂ ಎದುರುಬದುರಾಗಿ ನಿಂತಿವೆ.

ಬಿಜಾಪುರದ ದಂಡಿನೊಂದಿಗೆ ಕರ್ನಾಟಕಕ್ಕೆ ಬಂದವರಲ್ಲಿ ಶಿವಾಜಿಯ ತಂದೆ ಷಹಜಿ ಭೋಸಲೆಯೂ ಒಬ್ಬ. 1664ರ ಜನವರಿಯಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಆತ ಸತ್ತದ್ದು ಈ ಸೀಮೆಯಲ್ಲಿ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಅವನ ಸಮಾಧಿ ಇದೆ.

ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. 17ನೆಯ ಶತಮಾನದ ಕೊನೆಯ ಕಾಲು ಭಾಗದಲ್ಲಿ ಕೆಳದಿಯನ್ನು ಆಳಿದ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ರಾಣಿ ಆಕೆ. ಊರ ಬೆಟ್ಟದ ಮೇಲಿನ ಕೋಟೆ, ಅದರೊಳಗಿನ ರಂಗನಾಥನ ಗುಡಿ ಇಂದಿಗೂ ದೂರದಿಂದ ಕಾಣುತ್ತವೆ. ಸಂತೇಬೆನ್ನೂರು, ಬಸವಾಪಟ್ಟಣಗಳು ಕುಗ್ಗಿದ ಮೇಲೆ ಚನ್ನಗಿರಿ ಹಿಗ್ಗಿತು. ಅತ್ತ ಜಗಳೂರು ಸೀಮೆ ಚಿತ್ರದುರ್ಗದ ನಾಯಕರಿಗೆ ಸೇರಿತ್ತು. ಕಣಕುಪ್ಪೆಯ ಗುಡ್ಡದ ಕೋಟೆ ಅವರ ಕಾವಲು ನೆಲೆ. 1763ರಲ್ಲಿ ಬಿದನೂರು, 1779ರಲ್ಲಿ ಚಿತ್ರದುರ್ಗ ಹೈದರ್ ಅಲಿಯ ವಶವಾದವು. ಅಲ್ಲಿಗೆ ಈ ಸಣ್ಣ ಕೋಟೆಗಳಿಗೆ ಕೆಲಸವಿಲ್ಲದಾಯಿತು.

ಕೋಟೆಯ ಕಾಲ ಮುಗಿದದ್ದನ್ನು ಒಪ್ಪದವನೊಬ್ಬ ಚನ್ನಗಿರಿಯಲ್ಲೇ ಹುಟ್ಟಿದ್ದ. ಅವನು ಧೋಂಡಿಯಾ ವಾಘ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಂದ ಆತ, ಟಿಪ್ಪುವಿನ ಸೈನ್ಯದಲ್ಲಿ ಅಳಿದುಳಿದವರನ್ನು ಕಟ್ಟಿಕೊಂಡು ವರ್ಷದ ಮೇಲೂ ಬ್ರಿಟಿಷರನ್ನು ಕಾಡಿದ. ಅವನನ್ನು ಬೆನ್ನಟ್ಟಿದವನು, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಕಾಳಗದಲ್ಲಿ ಧೋಂಡಿಯಾ ಮಡಿದ.

ದಾರಿ ಮತ್ತು ಸಂತೆ

ನ್ಯಾಮತಿ ಬೆಳೆದದ್ದು ಕೋಟೆಯಿಂದಲ್ಲ, ಪೇಟೆಯಿಂದ. ಮಲೆನಾಡಿನ ಅಡಿಕೆ, ಬೆಲ್ಲ ಕೆಳಗಿಳಿದು ಬರುವ, ಬಯಲಿನ ಜೋಳ ಮತ್ತು ಬಟ್ಟೆ ಮೇಲಕ್ಕೆ ಹೋಗುವ ದಾರಿಯಲ್ಲಿ ಅದು ಇತ್ತು. ಗಾಡಿ ರಸ್ತೆಗಳು ಆಗುವ ಮುಂಚೆ ಈ ಸರಕನ್ನು ಎತ್ತುಗಳ ಮೇಲೆ ಹೇರಿಕೊಂಡು ಸಾಗಿಸುತ್ತಿದ್ದವರಲ್ಲಿ ಲಂಬಾಣಿಗಳು ಮುಖ್ಯರು. ಆ ಸಮುದಾಯ ಆರಾಧಿಸುವ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ್ದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಎಂದು ಅವರ ನಂಬಿಕೆ. ಅದಕ್ಕೆ ಭಾಯಾಗಡ ಎಂಬ ಹೆಸರೂ ಇದೆ. ಪ್ರತಿ ಫೆಬ್ರುವರಿಯಲ್ಲಿ ಹಲವು ರಾಜ್ಯಗಳಿಂದ ಜನ ಇಲ್ಲಿಗೆ ಬರುತ್ತಾರೆ.

ರಸ್ತೆಗಳು, ರೈಲುಗಳು ಬಂದ ಮೇಲೆ ಎತ್ತಿನ ಹೇರು ನಿಂತಿತು. 1889ರಲ್ಲಿ ಹರಿಹರದವರೆಗೆ ರೈಲು ಮಾರ್ಗವಾಯಿತು. ಆ ಮಾರ್ಗದ ಮೇಲಿದ್ದ ದಾವಣಗೆರೆ ಮುಂದೆ ಹತ್ತಿ ಗಿರಣಿಗಳ ದೊಡ್ಡ ಪಟ್ಟಣವಾಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹೋದ ಮಾರ್ಗವೂ ಈ ನಾಲ್ಕು ಊರುಗಳನ್ನು ಮುಟ್ಟಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪಟ್ಟಣಗಳಲ್ಲಿ ಇವತ್ತಿಗೂ ರೈಲು ನಿಲ್ದಾಣವಿಲ್ಲ. ಇವು ತಾಲ್ಲೂಕು ಕೇಂದ್ರಗಳಾಗಿಯೇ ಉಳಿದು, ದಾವಣಗೆರೆ ಜಿಲ್ಲಾ ಕೇಂದ್ರವಾದದ್ದಕ್ಕೆ ಇದೂ ಒಂದು ಕಾರಣ.

ಕಚೇರಿ ಬಂತು

1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ ತಾಳಲಾರದೆ ಕೂಟ ಸೇರಿ ದಂಗೆ ಎದ್ದರು. ಬೂದಿ ಬಸವಪ್ಪನ ಜೊತೆ ಅದರಲ್ಲಿ ಸೇರಿದ ತರೀಕೆರೆಯ ಸರ್ಜಾ ಹನುಮಪ್ಪ ನಾಯಕ, ಹಿಂದೆ ಬಸವಾಪಟ್ಟಣವನ್ನು ಕಳೆದುಕೊಂಡ ಅದೇ ಮನೆತನದವನು. ಹೊನ್ನಾಳಿಯಲ್ಲೂ ಕಾದಾಟ ನಡೆಯಿತು. ಇದನ್ನೇ ಕಾರಣವಾಗಿಟ್ಟುಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು.

ಅಲ್ಲಿಂದ ಮುಂದೆ ಊರಿನ ಹಣೆಬರಹ ಬರೆದದ್ದು ಅಮಲ್ದಾರರ ಕಚೇರಿ. 1860ರ ದಶಕದಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ ಜಿಲ್ಲೆಗಳು ಸೇರಿ ನಗರ ವಿಭಾಗವಾದವು. ಹಾಗಾಗಿ ಈ ಸೀಮೆಗಳೆಲ್ಲ ಒಂದೇ ಆಡಳಿತದಡಿ ಬಂದದ್ದು 1997ರಲ್ಲಿ ಮೊದಲ ಬಾರಿಗೇನಲ್ಲ. 1882ರಲ್ಲಿ ಚಿತ್ರದುರ್ಗ ಜಿಲ್ಲೆಯನ್ನೇ ರದ್ದು ಮಾಡಿ 1886ರಲ್ಲಿ ಮತ್ತೆ ಜಿಲ್ಲೆ ಮಾಡಲಾಯಿತು. ಕಣಕುಪ್ಪೆಯ ಹೆಸರಿನಲ್ಲಿದ್ದ ತಾಲ್ಲೂಕು ಜಗಳೂರು ತಾಲ್ಲೂಕಾದ ಮೇಲೆ ಕೋಟೆಯ ಊರು ಹಳ್ಳಿಯಾಯಿತು, ಕಚೇರಿಯ ಊರು ಪಟ್ಟಣವಾಯಿತು. ಖಜಾನೆ, ನ್ಯಾಯಾಲಯ, ಆಸ್ಪತ್ರೆ, ಶಾಲೆ ಎಲ್ಲವೂ ಕಚೇರಿಯ ಹಿಂದೆಯೇ ಬರುತ್ತವೆ. ಪಹಣಿಯ ಒಂದು ತಿದ್ದುಪಡಿಗೆ ಇಡೀ ದಿನದ ಕೂಲಿ ಬಿಟ್ಟು ಬಸ್ಸು ಹತ್ತುವ ರೈತನಿಗೆ ಕಚೇರಿ ಹತ್ತಿರ ಬರುವುದೆಂದರೆ ಏನೆಂಬುದು ಗೊತ್ತು. ನ್ಯಾಮತಿಯ ಜನ ತಾಲ್ಲೂಕು ಬೇಕೆಂದು ಕೇಳಿದ್ದರ ಅರ್ಥವೂ ಇದೇ.

ಹೆಸರಿದ್ದೂ ಜನವಿಲ್ಲದ ಊರು

ಕಂದಾಯ ಇಲಾಖೆಯ ಲೆಕ್ಕದಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಒಂದು ಬಗೆಯಿದೆ. ದೀಪ ಹಚ್ಚುವವರಿಲ್ಲದ ಊರು ಎಂದು ಆ ಪರ್ಷಿಯನ್ ಮಾತಿನ ಅರ್ಥ. ಅದಕ್ಕೆ ಹೆಸರುಂಟು, ಗಡಿಯುಂಟು, ಸರ್ವೆ ನಂಬರುಗಳುಂಟು, ಮನೆಗಳಿಲ್ಲ. ನಾಡಿನ ಬಹುತೇಕ ತಾಲ್ಲೂಕುಗಳಲ್ಲಿ ಇಂಥ ಊರುಗಳಿವೆ. ಯುದ್ಧ, 1876-78ರ ಭೀಕರ ಬರ, 1898ರ ನಂತರ ಹಬ್ಬಿದ ಪ್ಲೇಗು, ಬತ್ತಿದ ಬಾವಿ ಇವೆಲ್ಲ ಊರು ಬಿಡಿಸಿದ ಕಾರಣಗಳು. ಹಾಳು ಗುಡಿಯೊಂದು, ವೀರಗಲ್ಲೊಂದು ಹೊಲದ ನಡುವೆ ಉಳಿದಿರುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ತಾಂಡಾ. ಅಲ್ಲಿ ತಲೆಮಾರುಗಳಿಂದ ಜನ ವಾಸವಾಗಿದ್ದರೂ ದಾಖಲೆಯಲ್ಲಿ ಅದು ಊರಲ್ಲ. ಬೇರೊಂದು ಗ್ರಾಮದ ಸರ್ವೆ ನಂಬರಿನ ಒಂದು ಭಾಗ. ಮನೆಯ ಅಡಿಯ ಜಾಗಕ್ಕೆ ಹಕ್ಕುಪತ್ರವಿಲ್ಲದಿದ್ದರೆ ಸಾಲ ಸಿಗುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ರಾಜ್ಯ ಸರ್ಕಾರ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ ಹಕ್ಕುಪತ್ರ ಕೊಡುವ ಕೆಲಸ ಕೈಗೊಂಡಿದೆ. ಜನವಿಲ್ಲದ ಊರಿನ ಹೆಸರನ್ನು ನೂರು ವರ್ಷ ಕಾಪಾಡಿದ ಕಾಗದ, ಜನವಿರುವ ಊರಿಗೆ ಹೆಸರು ಕೊಡಲು ಇಷ್ಟು ಕಾಲ ತೆಗೆದುಕೊಂಡಿತು.

ಉಳಿದದ್ದು ನೀರು

ಕೋಟೆ, ದಾರಿ, ಕಚೇರಿಗಳು ಜಾಗ ಬದಲಿಸಿದರೂ ಈ ಸೀಮೆಯಲ್ಲಿ ಎಲ್ಲವನ್ನೂ ಮೀರಿ ಉಳಿದದ್ದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ, ಎರಡು ಗುಡ್ಡಗಳ ಸಂದಿಯಲ್ಲಿ ಸಾವಿರ ಅಡಿಯೊಳಗಿನ ಒಂದು ಏರಿ ಹಾಕಿ ಐದು ಸಾವಿರ ಎಕರೆಗೂ ಮೀರಿದ ಹರವಿನಲ್ಲಿ ನೀರು ನಿಲ್ಲಿಸಿದ್ದಾರೆ. ಸಿದ್ಧ, ಬಸವ ಎಂಬ ಎರಡು ನಾಲೆಗಳು ಅದರಿಂದ ಹೊರಡುತ್ತವೆ. ಶಾಂತವ್ವ ಎಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂದೂ, ಜಾಗ ಬಿಟ್ಟುಕೊಟ್ಟ ವೇಶ್ಯೆಯರು ತಮ್ಮ ಹೆಸರು ಉಳಿಯಬೇಕೆಂದು ಕೇಳಿಕೊಂಡರೆಂದೂ ಐತಿಹ್ಯವಿದೆ. ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ. ಜನರ ಬಾಯಲ್ಲಿ ಇಂದಿಗೂ ಸೂಳೆಕೆರೆ. ಚಿತ್ರದುರ್ಗ ನಗರಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ.

20ನೆಯ ಶತಮಾನದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನಾಲೆಗಳು ಬಂದವು. ನಾಲೆ ಹರಿದ ಕಡೆ ಬತ್ತ, ಕೊಳವೆಬಾವಿ ಕೊರೆದ ಕಡೆ ಅಡಿಕೆ. ಚನ್ನಗಿರಿ ಈಗ ರಾಜ್ಯದ ಹೆಸರಾಂತ ಅಡಿಕೆ ಸೀಮೆ. ಆದರೆ ಮಲೆನಾಡಿನ ಬೆಳೆಯನ್ನು ಬಯಲಿಗೆ ತಂದವರು ಮಲೆನಾಡಿನ ಮಳೆಯನ್ನು ತರಲಾರರು. ಅಂತರ್ಜಲ ಕುಸಿದ ವರ್ಷ ತೋಟ ಉಳಿಸಲು ಟ್ಯಾಂಕರ್ ನೀರು ಹೊಡೆಯಬೇಕಾಗುತ್ತದೆ. ಸೂಳೆಕೆರೆಯಲ್ಲಿ ಹೂಳು ತುಂಬುತ್ತಿದೆ. ಅಂಚಿನ ಒತ್ತುವರಿಯ ದೂರುಗಳು ನಿಂತಿಲ್ಲ.

ನೀರಿಗಾಗಿ ಹೆಚ್ಚು ಕಾದದ್ದು ಜಗಳೂರು. ಬರ ಬಂದ ವರ್ಷ ದುಡಿಮೆ ಅರಸಿ ಕಾಫಿ ಸೀಮೆಗೋ ಬೆಂಗಳೂರಿಗೋ ಗುಳೆ ಹೋಗುವುದು ಇಲ್ಲಿನ ಹಳ್ಳಿಗಳಿಗೆ ಹೊಸತಲ್ಲ. ಈಗ ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯಿಂದ ಕೆರೆಗಳಿಗೆ ನೀರು ಬರತೊಡಗಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲೂ ಈ ತಾಲ್ಲೂಕು ಸೇರಿದೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಪ್ರಕಟವಾಗಿತ್ತು. ಹೊನ್ನಾಳಿಯ ಪಕ್ಕ ಹರಿದು ಹೋಗುವ ಹೊಳೆಯ ನೀರು ಕೊಳವೆಯಲ್ಲಿ ಜಗಳೂರಿನ ಕೆರೆ ಸೇರುತ್ತಿದೆ. ಆಡಳಿತದ ಆಜ್ಞೆ ಕಾಗದದ ಮೇಲೆ ಒಂದುಗೂಡಿಸಿದ್ದ ಈ ದೂರದ ಸೀಮೆಗಳನ್ನು ನೆಲದ ಮೇಲೆ ಕೂಡಿಸುತ್ತಿರುವುದು ಆ ನೀರೇ. ಮುಂದಿನ ಬರದಲ್ಲಿ ಯಾವ ಊರಿನ ದೀಪ ಉಳಿಯುತ್ತದೆ ಎಂಬುದು, ಎತ್ತಿ ತಂದ ಈ ನೀರನ್ನು ಕೆರೆಗಳು ಎಷ್ಟು ಕಾಲ ಹಿಡಿದಿಡಬಲ್ಲವು ಎಂಬುದರ ಮೇಲೆ ನಿಂತಿದೆ.