ಕನ್ನಡಿಗಳ ನಡುವಿನ ರಸಾಯನ ವಿಜ್ಞಾನ: ಒಂದು ಹೊಸ ಶಾಖೆಯ ಚರಿತ್ರೆ



ರಾಸಾಯನಿಕ ಕ್ರಿಯೆಯ ವೇಗವನ್ನು ಬದಲಿಸುವುದು ಹೇಗೆ ಎಂದು ಕೇಳಿದರೆ ನಮ್ಮ ಪ್ರೌಢಶಾಲೆಯ ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ: ಬಿಸಿ ಮಾಡಬೇಕು, ಇಲ್ಲವೇ ವೇಗವರ್ಧಕ ಸೇರಿಸಬೇಕು. ಬೆಳಕು ಬಿದ್ದಾಗ ನಡೆಯುವ ಕ್ರಿಯೆಗಳೂ ಇವೆ. ಹಸಿರೆಲೆಯಲ್ಲಿ ಆಹಾರ ತಯಾರಾಗುವುದು ಹಾಗೆಯೇ. ಆದರೆ ಬಿಸಿ ಮಾಡದೆ, ಏನನ್ನೂ ಬೆರೆಸದೆ, ದೀಪವನ್ನೂ ಹಚ್ಚದೆ, ಎರಡು ಕನ್ನಡಿಗಳ ನಡುವೆ ಇಟ್ಟ ಮಾತ್ರಕ್ಕೆ ಕ್ರಿಯೆಯ ವೇಗ ಬದಲಾಗುತ್ತದೆ ಎಂದರೆ ನೀವು ನಂಬುವಿರಾ? ಕೂಡಲೇ ನಂಬದಿದ್ದರೆ ಒಳ್ಳೆಯದು. ಈ ವಿಜ್ಞಾನದ ಚರಿತ್ರೆಯಲ್ಲಿ ಸಂದೇಹಕ್ಕೂ ಗೌರವದ ಸ್ಥಾನವಿದೆ.

ಬೆಳಕಿನ ಅಧ್ಯಯನದಲ್ಲಿ ಸಂದೇಹ ಮತ್ತು ಪ್ರಯೋಗಗಳನ್ನು ಜೊತೆಗೂಡಿಸಿದ ಮಹಾನುಭಾವ ಇಬ್ನ್ ಅಲ್-ಹೈಥಮ್. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಅವರು ಕತ್ತಲೆ ಕೋಣೆಯಲ್ಲಿ, ಸಣ್ಣ ರಂಧ್ರದ ಮೂಲಕ ಬರುವ ಬೆಳಕನ್ನು ಪರೀಕ್ಷಿಸಿದರು. 'ಕಿತಾಬ್ ಅಲ್-ಮನಾಝಿರ್' ಎಂಬ ಮಹಾಗ್ರಂಥ ರಚಿಸಿದರು. ಶತಮಾನಗಳಿಂದ ಪೂಜ್ಯನಾಗಿದ್ದ ಟಾಲೆಮಿಯ ಬರಹಗಳ ಮೇಲಿನ ತಮ್ಮ ಸಂದೇಹಗಳಿಗಾಗಿಯೇ ಇನ್ನೊಂದು ಗ್ರಂಥ ಬರೆದರು. ಸಂಶೋಧನೆಗೆ ಉರ್ದುವಿನಲ್ಲಿ 'ತಹ್ಕೀಕ್' ಎನ್ನುತ್ತೇವೆ. 'ಹಕ್', ಅಂದರೆ ಸತ್ಯ, ಎಂಬ ಪದದ ಮೂಲವೇ ಅದರದ್ದೂ. ಈ ಪದವನ್ನು ನೆನಪಿನಲ್ಲಿಟ್ಟುಕೊಂಡು ಇಪ್ಪತ್ತನೇ ಶತಮಾನಕ್ಕೆ ಬನ್ನಿ.

1946ರಲ್ಲಿ ಅಮೆರಿಕದ ಎಡ್ವರ್ಡ್ ಪರ್ಸೆಲ್ ಒಂದು ಹೊಸ ಮಾತು ಹೇಳಿದರು. ಕಣವೊಂದು ತನ್ನ ಶಕ್ತಿಯನ್ನು ಹೊರಬಿಡುವ ವೇಗವು ಆ ಕಣದ ಸ್ವಂತ ಗುಣವನ್ನಷ್ಟೇ ಅಲ್ಲದೆ ಅದರ ಸುತ್ತಲಿನ ಆವರಣವನ್ನೂ ಅವಲಂಬಿಸುತ್ತದೆ ಎಂದರು. ಆವರಣ ಇನ್ನೂ ಬಿಗಿಯಾದರೆ ಏನಾಗುತ್ತದೆ? ಒಂದು ಸರಳ ಪ್ರಯೋಗದಿಂದ ತಿಳಿಯಬಹುದು. ಅಡ್ಡಲಾಗಿ ಕಟ್ಟಿದ ಒಂದೇ ದಾರಕ್ಕೆ ಸಮಾನ ಉದ್ದದ ಎರಡು ಲೋಲಕಗಳನ್ನು ತೂಗುಬಿಟ್ಟು ಒಂದನ್ನು ಆಡಿಸಿ. ಸ್ವಲ್ಪ ಹೊತ್ತಿಗೆ ಅದು ನಿಂತು ಎರಡನೆಯದು ಆಡತೊಡಗುತ್ತದೆ. ಚಲನೆ ಪುನಃ ಮೊದಲನೆಯದಕ್ಕೆ ಮರಳುತ್ತದೆ. ಅಣು ಮತ್ತು ಬೆಳಕಿನ ನಡುವೆಯೂ ಹೀಗಾಗಬಲ್ಲದು. ಎದುರುಬದುರಾದ ಕನ್ನಡಿಗಳ ಅಂತರವನ್ನು ಹೊಂದಿಸಿ, ಅವುಗಳ ನಡುವೆ ನಿಲ್ಲುವ ಬೆಳಕಿನ ಅಲೆಯ ಲಯವನ್ನು ಅಣುವಿನ ಲಯಕ್ಕೆ ಸರಿಗೂಡಿಸಬೇಕು. ಆಗ ಶಕ್ತಿಯು ಸೋರಿಹೋಗುವ ಮೊದಲೇ ಇವೆರಡರ ನಡುವೆ ಹೋಗಿಬರುತ್ತದೆ. ಇದೇ ಪ್ರಬಲ ಜೋಡಣೆ. ಅಣುವಿನ ಒಂದು ಶಕ್ತಿಮಟ್ಟದ ಜಾಗದಲ್ಲಿ ಎರಡು ಹೊಸ ಮಟ್ಟಗಳು ಕಾಣಿಸುತ್ತವೆ. ಅರ್ಧ ಬೆಳಕು, ಅರ್ಧ ವಸ್ತುವಾದ ಈ ಸ್ಥಿತಿಗೆ 'ಪೋಲಾರಿಟಾನ್' ಎಂದು ಹೆಸರು.

ದೀಪವಿಲ್ಲದೆ ಇದು ಹೇಗೆ ಸಾಧ್ಯ ಎಂದು ಕೇಳುವಿರಿ. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಗಾಢ ಕತ್ತಲಲ್ಲೂ ಆ ಅವಕಾಶ ಸಂಪೂರ್ಣ ನಿಶ್ಚಲವಲ್ಲ. ಒಂದು ಅತಿ ಸೂಕ್ಷ್ಮ ಕಂಪನ ಅಲ್ಲಿ ಉಳಿದೇ ಇರುತ್ತದೆ. ಅಣುಗಳು ಜೋಡಿಕೊಳ್ಳುವುದು ಆ ಕಂಪನದೊಡನೆ.

1992ರಲ್ಲಿ ಕ್ಲಾಡ್ ವೈಸ್‌ಬುಶ್ ಮತ್ತು ಸಂಗಡಿಗರು ಅರೆವಾಹಕದಲ್ಲಿ, 1998ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಡೇವಿಡ್ ಲಿಡ್ಜೆ ಮತ್ತು ಸಂಗಡಿಗರು ಸಾವಯವ ಬಣ್ಣದ ಅಣುಗಳಲ್ಲಿ ಈ ಜೋಡಣೆಯನ್ನು ಕಂಡರು. ಅಲ್ಲಿಯವರೆಗೆ ಇದು ಭೌತವಿಜ್ಞಾನಿಗಳ ವಿಷಯವಾಗಿತ್ತು. ಅದನ್ನು ರಸಾಯನ ವಿಜ್ಞಾನಕ್ಕೆ ತಂದವರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಥಾಮಸ್ ಎಬ್ಬೆಸೆನ್. ಬಣ್ಣವಿಲ್ಲದ ಸ್ಪೈರೋಪೈರಾನ್ ಎಂಬ ವಸ್ತು ನೇರಳಾತೀತ ಕಿರಣ ಬಿದ್ದಾಗ ಬಣ್ಣದ ರೂಪ ತಾಳುತ್ತದೆ. ಹೊಂದಿಸಿದ ಕನ್ನಡಿಗಳ ನಡುವೆ ಈ ಬದಲಾವಣೆ ನಿಧಾನವಾಗುತ್ತದೆಂದು 2012ರಲ್ಲಿ ಅವರ ತಂಡ ಪ್ರಕಟಿಸಿತು.

2016ರಲ್ಲಿ ಅದೇ ತಂಡ ಇನ್ನೂ ಮುಂದೆ ಹೋಯಿತು. ಈ ಸಲ ಹೊರಗಿನ ಬೆಳಕೇ ಇರಲಿಲ್ಲ. ಕನ್ನಡಿಗಳ ಅಂತರ ಕೆಲವೇ ಮೈಕ್ರೋಮೀಟರ್, ಅಂದರೆ ತಲೆಗೂದಲಿನ ದಪ್ಪದ ಸುಮಾರು ಹತ್ತರಲ್ಲೊಂದು ಪಾಲು. ಸಿಲಿಕಾನ್ ಮತ್ತು ಇಂಗಾಲದ ನಡುವಿನ ಬಂಧ ಮುರಿಯುವ ಕ್ರಿಯೆ ಅಲ್ಲಿ ಸುಮಾರು ಐದು ಪಟ್ಟು ನಿಧಾನವಾಯಿತು. ಅಂತರ ತಪ್ಪಿಸಿದರೆ ಮಾಮೂಲಿ ವೇಗಕ್ಕೆ ಮರಳಿತು. 2019ರಲ್ಲಿ, ಎರಡು ಬಂಧಗಳಲ್ಲಿ ಯಾವುದು ಹೆಚ್ಚಾಗಿ ಮುರಿಯಬೇಕೆಂಬುದನ್ನೂ ಬದಲಿಸಬಹುದೆಂದು ವರದಿ ಮಾಡಿದರು. 2016ರ ಪ್ರಬಂಧದ ಮೊದಲ ಲೇಖಕ ಅನೂಪ್ ಥಾಮಸ್ ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರೀ ಹೊಗಳಿಕೆಯಾಗುತ್ತಿತ್ತು. ಕೆಲವು ಕ್ರಿಯೆಗಳು ಕನ್ನಡಿಗಳ ನಡುವೆ ವೇಗಗೊಳ್ಳುತ್ತವೆ ಎಂಬ ವರದಿಗಳೂ ಬಂದಿದ್ದವು. 2021ರಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ಅಂಥ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. 2023ರಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದವರು ಚಿಲಿ ದೇಶದ ಸಿದ್ಧಾಂತಿಗಳ ಜೊತೆಗೂಡಿ ಬೇರೊಂದು ಕ್ರಿಯೆಯನ್ನು ಪರೀಕ್ಷಿಸಿದರು. ಅಲ್ಲಿ ಕ್ರಿಯೆ ನಿಧಾನವಾದುದು ಸ್ಪಷ್ಟವಾಗಿ ಕಂಡಿತು. ಆದರೆ ಕಾರಣವೇನು? ಕನ್ನಡಿಗಳ ನಡುವೆ ಅಸಂಖ್ಯ ಅಣುಗಳಿರುವುದರಿಂದ ಒಂದೊಂದರ ಮೇಲಿನ ಪರಿಣಾಮ ತೀರ ಅಲ್ಪವಾಗಿರಬೇಕು ಎನ್ನುತ್ತದೆ ಲೆಕ್ಕಾಚಾರ. ಪ್ರಯೋಗಕ್ಕೂ ಲೆಕ್ಕಕ್ಕೂ ಇನ್ನೂ ತಾಳೆಯಾಗಿಲ್ಲ.

ವಿದ್ಯಾರ್ಥಿ ಮಿತ್ರರೇ, ಪಠ್ಯಪುಸ್ತಕ ಓದುವಾಗ ವಿಜ್ಞಾನವೆಲ್ಲ ಎಂದೋ ಮುಗಿದುಹೋಗಿದೆ, ನಮಗೆ ಉಳಿದಿರುವುದು ಬಾಯಿಪಾಠ ಮಾತ್ರ ಎಂದು ಅನ್ನಿಸುವುದುಂಟು. ಅದು ತಪ್ಪು. ಈ ಪ್ರಶ್ನೆ ತೆರೆದೇ ಇದೆ, ಉತ್ತರ ಹೇಳುವವರಿಗಾಗಿ ಕಾಯುತ್ತಿದೆ. ಬೇಕಾದ ಬಂಧವನ್ನಷ್ಟೇ ಮುರಿಯುವ ವಿದ್ಯೆ ಕೈಗೂಡಿದರೆ ಔಷಧಿ ತಯಾರಿಕೆಗೂ ಉಪಯೋಗವಾದೀತು. ಹೊಸ ಸಂಗತಿ ಕೇಳಿದಾಗ ಬೆರಗಾಗಿ, ಆಮೇಲೆ ಪರೀಕ್ಷಿಸಿ. ನಿಮ್ಮ ಲೆಕ್ಕ ತಪ್ಪಾದರೆ ನಾಚದೆ ಒಪ್ಪಿಕೊಳ್ಳಿ. ತಹ್ಕೀಕ್ ಎಂದರೆ ಇದೇ.